ತಂತಿ ತಲುಪದ ಮನೆಗೆ ಸ್ಟಾರ್‌ಲಿಂಕ್: ವರ್ಮಾಂಟ್‌ನಿಂದ ಒಂದು ವಿಮರ್ಶೆ

ಅಮೆರಿಕದ ವರ್ಮಾಂಟ್ ರಾಜ್ಯದ ಈಶಾನ್ಯ ಮೂಲೆಯ ಮೂರು ಕೌಂಟಿಗಳನ್ನು ಸೇರಿಸಿ ನಾರ್ತ್‌ಈಸ್ಟ್ ಕಿಂಗ್‌ಡಮ್ ಎಂದು ಕರೆಯುತ್ತಾರೆ. ಗುಡ್ಡ, ಮೇಪಲ್ ಕಾಡು, ಹೈನುಗಾರರ ಹುಲ್ಲುಗಾವಲು. ನಮ್ಮ ಮನೆ ಇಲ್ಲಿನ ಒಂದು ಮಣ್ಣು ರಸ್ತೆಯ ಕೊನೆಯಲ್ಲಿದೆ. ಇಂಟರ್‌ನೆಟ್ ತರುವ ಕೇಬಲ್ ಮುಖ್ಯ ರಸ್ತೆಯಲ್ಲೇ ನಿಂತಿತು. ದೂರವಾಣಿ ಕೇಂದ್ರದಿಂದ ದೂರ ಹೋದಷ್ಟೂ ಡಿಎಸ್‌ಎಲ್, ಅಂದರೆ ದೂರವಾಣಿ ತಂತಿಯಲ್ಲಿ ಬರುವ ಇಂಟರ್‌ನೆಟ್, ಸೊರಗುತ್ತದೆ, ನಮ್ಮವರೆಗೆ ಅದು ಬರುವುದೇ ಇಲ್ಲ. ಮೊಬೈಲ್ ಸಿಗ್ನಲ್ ಈ ಕಣಿವೆಗೆ ಇಳಿಯುವುದಿಲ್ಲ. ಉಳಿದದ್ದು ಆಕಾಶ ಮಾತ್ರ. ಅಲ್ಲಿಂದ ಇಂಟರ್‌ನೆಟ್ ಕೊಡುವ ಸ್ಪೇಸ್‌ಎಕ್ಸ್ ಕಂಪನಿಯ ಉಪಗ್ರಹ ಸೇವೆ ಸ್ಟಾರ್‌ಲಿಂಕ್‌ನ ವಿಮರ್ಶೆ ಇದು.

ನಾನು ಭಾನುವಾರ ಇಲ್ಲಿಂದಲೇ ಬೇರೆ ಬೇರೆ ಊರುಗಳ ಮಕ್ಕಳಿಗೆ ಆನ್‌ಲೈನ್‌ನಲ್ಲಿ ಕನ್ನಡ ಕಲಿಸುತ್ತೇನೆ. ಹಾಗಾಗಿ ಇಂಟರ್‌ನೆಟ್ಟಿನ ವೇಗಕ್ಕಿಂತ ಅದರ ತಡವೇ ನನಗೆ ದೊಡ್ಡ ವಿಷಯ. ಮೊದಲು ನಮ್ಮಲ್ಲಿದ್ದದ್ದು ಭೂಸ್ಥಿರ, ಅಂದರೆ ಆಕಾಶದಲ್ಲಿ ಒಂದೇ ಜಾಗದಲ್ಲಿ ನಿಂತಂತೆ ಕಾಣುವ, ಉಪಗ್ರಹದ ಸೇವೆ. ಅಂಥ ಉಪಗ್ರಹ ಇರುವುದು ಭೂಮಧ್ಯರೇಖೆಯ ಮೇಲೆ ಸುಮಾರು 35,786 ಕಿ.ಮೀ. ಎತ್ತರದಲ್ಲಿ. ನನ್ನ ಪ್ರಶ್ನೆ ಮೇಲೇರಿ ಕೆಳಗಿಳಿದು, ಅದರ ಉತ್ತರವೂ ಮೇಲೇರಿ ಕೆಳಗಿಳಿಯಬೇಕು. ಬೆಳಕಿನ ವೇಗದಲ್ಲೇ ಹೋದರೂ ಅರ್ಧ ಸೆಕೆಂಡ್ ಬೇಕು. ಇದರಲ್ಲಿ ಕಂಪನಿಯ ತಪ್ಪೇನೂ ಇಲ್ಲ, ಆದರೆ ಪಾಠಕ್ಕೆ ಅದು ಮಾರಕ. ನಾನು ‘ಕ’ ಎನ್ನುತ್ತೇನೆ, ಉತ್ತರ ಬಾರದ್ದರಿಂದ ಮತ್ತೊಮ್ಮೆ ‘ಕ’ ಎನ್ನುತ್ತೇನೆ, ಅಷ್ಟರಲ್ಲಿ ಮಗುವಿನ ಮೊದಲ ‘ಕ’ ಬಂದು ನನ್ನ ಮಾತಿನ ಮೇಲೆ ಬೀಳುತ್ತದೆ. ನಾಚಿಕೆಯ ಸ್ವಭಾವದ ಮಕ್ಕಳು ಇಷ್ಟಕ್ಕೇ ಬಾಯಿ ಮುಚ್ಚಿ ಕೂರುತ್ತಿದ್ದರು. ಡೇಟಾ ಮಿತಿ ಬೇರೆ ಇತ್ತು. ತಿಂಗಳ ಕೊನೆಯ ಪಾಠಕ್ಕೆ ಕ್ಯಾಮೆರಾ ಆರಿಸಿ, ಬರೀ ಧ್ವನಿಯಲ್ಲೇ ಕಲಿಸಬೇಕಾಗುತ್ತಿತ್ತು.

ಸ್ಟಾರ್‌ಲಿಂಕ್ ಉಪಗ್ರಹಗಳು ಹಾರುವುದು ಸುಮಾರು 480ರಿಂದ 550 ಕಿ.ಮೀ. ಎತ್ತರದಲ್ಲಿ. ಸಾವಿರಾರು ಉಪಗ್ರಹಗಳು ಒಂದರ ಹಿಂದೆ ಒಂದು ಸಾಗುತ್ತಿರುತ್ತವೆ; ಡಿಶ್ ಅಲುಗಾಡದೆ ತನ್ನ ಕಿರಣವನ್ನು ಮಾತ್ರ ಎಲೆಕ್ಟ್ರಾನಿಕ್ ವಿಧಾನದಲ್ಲಿ ತಿರುಗಿಸಿ ಅವುಗಳನ್ನು ಹಿಂಬಾಲಿಸುತ್ತದೆ. ಹತ್ತಿರದಲ್ಲಿರುವುದರಿಂದ ತಡ ಎಷ್ಟೋ ಪಟ್ಟು ಕಡಿಮೆ. ಈಗ ಮಕ್ಕಳು ಸರದಿಯ ಪ್ರಕಾರ ಓದುತ್ತಾರೆ. ತಪ್ಪಿದಲ್ಲೇ ತಡೆದು ತಿದ್ದಬಹುದು. ಕಲಿಸುವವಳಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಈ ಒಂದು ಕಾರಣಕ್ಕೇ ನಾನು ಇದನ್ನು ಮನಃಪೂರ್ವಕವಾಗಿ ಹೊಗಳುತ್ತೇನೆ.

ಆದರೆ ಹಣ ಕಟ್ಟುವ ಮೊದಲು ಅಂಗಳಕ್ಕೆ ಇಳಿದು ತಲೆ ಎತ್ತಿ ನೋಡಿ. ಹಳೆಯ ಡಿಶ್‌ಗೆ ದಕ್ಷಿಣದಲ್ಲಿ ಒಂದು ಕಿಂಡಿಯಷ್ಟು ಆಕಾಶ ಸಿಕ್ಕರೂ ಸಾಕಿತ್ತು, ಏಕೆಂದರೆ ಅದರ ಉಪಗ್ರಹ ಕದಲುವುದಿಲ್ಲ. ಇದಕ್ಕೆ ಅಗಲವಾದ ಆಕಾಶ ಬೇಕು, ನಮ್ಮ ಅಕ್ಷಾಂಶದಲ್ಲಿ ಹೆಚ್ಚಾಗಿ ಉತ್ತರದ ಕಡೆ. ಕಂಪನಿಯ ಆ್ಯಪ್ ಫೋನಿನ ಕ್ಯಾಮೆರಾದಿಂದ ಆಕಾಶವನ್ನು ಅಳೆದು, ಯಾವ ಮರ ಅಡ್ಡ ಬರುತ್ತದೆ ಎಂದು ತೋರಿಸುತ್ತದೆ. ಇದನ್ನು ಮರಗಳು ಚಿಗುರಿ ದಟ್ಟವಾಗಿರುವ ಜೂನ್‌ನಲ್ಲಿ ಮಾಡಿ. ಎಲೆ ಉದುರಿದ ನವೆಂಬರ್‌ನಲ್ಲಿ ನೋಡಿದರೆ ಮೇಪಲ್ ಮರ ಸುಳ್ಳು ಹೇಳುತ್ತದೆ. ನಮ್ಮ ಸೂರಿನ ಮೇಲೆ ಜಾಗ ಸರಿಬರಲಿಲ್ಲ. ಹುಲ್ಲುಗಾವಲಿನಲ್ಲಿ ಕಂಬ ನೆಟ್ಟು, ಕಿಟ್‌ನಲ್ಲಿ ಬರುವ 75 ಅಡಿಯ ಕೇಬಲ್ ಸಾಲದೆ 150 ಅಡಿಯದನ್ನು ತರಿಸಿಕೊಂಡೆವು.

ನಮ್ಮದು ಎರಡನೆಯ ತಲೆಮಾರಿನ ಡಿಶ್. ಅದು ಸಾಮಾನ್ಯವಾಗಿ 50ರಿಂದ 75 ವ್ಯಾಟ್ ಎಳೆಯುತ್ತದೆ. ಹಗಲಿರುಳು ಉರಿದರೆ ತಿಂಗಳಿಗೆ 36ರಿಂದ 54 ಯೂನಿಟ್ ಆಗುತ್ತದೆ. ಹಿಮ ಬಿದ್ದಾಗ ತನ್ನನ್ನು ತಾನೇ ಬಿಸಿ ಮಾಡಿಕೊಂಡು ಕರಗಿಸುತ್ತದೆ. ಪೊರಕೆ ಹಿಡಿದು ಹೊರಗೆ ಹೋಗಬೇಕಿಲ್ಲ ಎಂಬುದು ಇಲ್ಲಿನ ಜನವರಿಯಲ್ಲಿ ಸಣ್ಣ ಸುಖವಲ್ಲ, ಆದರೆ ಆಗ ವಿದ್ಯುತ್ ಇನ್ನೂ ಹೆಚ್ಚು ಬೇಕು. ಬಿರುಗಾಳಿಗೆ ಕರೆಂಟ್ ಹೋದಾಗ ಡಿಶ್ ಮತ್ತು ರೌಟರ್ ನಡೆಯಲೆಂದು ಬ್ಯಾಟರಿ ಇಟ್ಟಿದ್ದೇವೆ.

ಬೆಲೆಯ ಬಗ್ಗೆ ನನಗೆ ತಕರಾರಿದೆ. 2020ರ ಅಕ್ಟೋಬರ್‌ನಲ್ಲಿ ಪ್ರಯೋಗಾರ್ಥವಾಗಿ ಆರಂಭವಾದಾಗ ತಿಂಗಳಿಗೆ 99 ಡಾಲರ್, ಉಪಕರಣಕ್ಕೆ 499 ಡಾಲರ್ ಇತ್ತು. 2022ರಲ್ಲಿ ತಿಂಗಳ ಬಾಡಿಗೆ 110 ಆಯಿತು, ಮರುವರ್ಷ ಗ್ರಾಹಕರು ಕಿಕ್ಕಿರಿದ ಪ್ರದೇಶಗಳಲ್ಲಿ 120. ಬೇರೆ ದಾರಿ ಇಲ್ಲದ ಹಳ್ಳಿಗರಿಗೆ ಇದು ಭಾರವೇ. ಇನ್ನೊಂದು ಆತಂಕವೂ ಇದೆ: 2025ರ ಜುಲೈ 24ರಂದು ಸಾಫ್ಟ್‌ವೇರ್ ದೋಷದಿಂದ ಜಗತ್ತಿನಾದ್ಯಂತ ಈ ಜಾಲ ಸುಮಾರು ಎರಡೂವರೆ ಗಂಟೆ ನಿಂತುಹೋಯಿತು. ಉಪಗ್ರಹಗಳು ಸಾವಿರವಿದ್ದರೂ ಕಡಿವಾಣ ಒಂದೇ ಕೈಯಲ್ಲಿದೆ.

ಆದ್ದರಿಂದಲೇ ನನ್ನ ಒಲವು ಈಗಲೂ ಫೈಬರ್ ಕಡೆಗೆ. ಇಲ್ಲಿನ ಊರುಗಳು ಒಟ್ಟುಗೂಡಿ 2020ರಲ್ಲಿ ಕಟ್ಟಿಕೊಂಡ ಎನ್‌ಇಕೆ (ನಾರ್ತ್‌ಈಸ್ಟ್ ಕಿಂಗ್‌ಡಮ್) ಬ್ರಾಡ್‌ಬ್ಯಾಂಡ್ ಎಂಬ ಸಾರ್ವಜನಿಕ ಸಂಸ್ಥೆ ರಸ್ತೆಯಿಂದ ರಸ್ತೆಗೆ ಫೈಬರ್ ಎಳೆಯುತ್ತಿದೆ. ನಮ್ಮ ರಸ್ತೆಗೆ ಬಂದ ದಿನವೇ ಬದಲಾಯಿಸುತ್ತೇನೆ.

2025ರ ಜೂನ್‌ನಲ್ಲಿ ಭಾರತದಲ್ಲೂ ಸ್ಟಾರ್‌ಲಿಂಕ್‌ಗೆ ದೂರಸಂಪರ್ಕ ಇಲಾಖೆಯ ಪರವಾನಗಿ ಸಿಕ್ಕ ಮೇಲೆ ಸಿರಸಿ ಕಡೆಯ ಅಣ್ಣ ಇದನ್ನು ಹಾಕಿಸಬಹುದೇ ಎಂದು ನನ್ನನ್ನು ಬಿಡದೆ ಕೇಳುತ್ತಿದ್ದಾನೆ. ಅವನ ಮನೆ ಇರುವುದು ಅಡಿಕೆ ತೋಟದ ನಡುವೆ. ಅವನಿಗೆ ಹೇಳಿದ್ದು ಇಷ್ಟು: ಫೈಬರ್ ಬರುವ ಸಾಧ್ಯತೆ ಇದ್ದರೆ ಅದನ್ನೇ ಹಿಡಿ. ಇಲ್ಲವಾದರೆ ಡಿಶ್ ಅನ್ನು ಮರಗಳ ನೆತ್ತಿಗಿಂತ ಮೇಲೆ, ಇಲ್ಲವೇ ಬಯಲಿನಲ್ಲಿ ನಿಲ್ಲಿಸಬೇಕು. ಸೋಗೆಯ ಕೆಳಗೆ ಅದು ಕೆಲಸ ಮಾಡದು. ಜೋರು ಮಳೆ ಉಪಗ್ರಹದ ರೇಡಿಯೊ ತರಂಗಗಳನ್ನು ಹೀರಿಕೊಳ್ಳುತ್ತದೆ, ಆದ್ದರಿಂದ ಆಷಾಢದಲ್ಲಿ ಆಗಾಗ ಸಂಪರ್ಕ ಕಡಿಯುತ್ತದೆ ಎಂದೇ ಲೆಕ್ಕ ಹಾಕು. ಯುಪಿಎಸ್ ಬೆಲೆಯನ್ನೂ ಈಗಲೇ ಸೇರಿಸಿಕೋ.