ಹಾಯಿದೋಣಿಯೋ, ಮೋಟಾರ್ ಬೋಟೋ?

ಮೈಸೂರಿನ ವರುಣಾ ಕೆರೆಯಲ್ಲಿ ಜೆಟ್ ಸ್ಕೀ, ಅಂದರೆ ನೀರಿನ ಮೇಲೆ ಓಡುವ ಮೋಟಾರ್ ಸ್ಕೂಟರ್, ಹತ್ತುವವರನ್ನು ನೋಡಿ. ದುಡ್ಡು ಕೊಟ್ಟು, ಲೈಫ್ ಜಾಕೆಟ್ ಬಿಗಿದು, ಹಿಂದೆ ಕೂತರೆ ಸಾಕು, ಒಂದು ರೌಂಡ್ ಕಿರುಚಾಡಿಕೊಂಡು ಬಂದುಬಿಡುತ್ತಾರೆ. ಕಲಿಯುವುದು ಏನೂ ಇಲ್ಲ.

ಹಾಯಿದೋಣಿ ಹಾಗಲ್ಲ. ಗಾಳಿ ಎತ್ತ ಕಡೆಯಿಂದ ಬರುತ್ತಿದೆ ಅಂತ ತಿಳಿಯುವುದೇ ಮೊದಲ ಪಾಠ. ಗಾಳಿಗೆ ಎದುರಾಗಿ ನೇರ ಹೋಗಲು ಆಗುವುದಿಲ್ಲ, ಸುಮಾರು 45 ಡಿಗ್ರಿ ಓರೆಯಾಗಿ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಹಾವು ಹರಿದ ಹಾಗೆ ಹೋಗಬೇಕು, ಪ್ರತಿ ತಿರುವಿನಲ್ಲೂ ಹಾಯಿಯ ಬುಡದ ಅಡ್ಡಕೋಲು ಈ ಕಡೆಯಿಂದ ಆ ಕಡೆಗೆ ಬೀಸುವಾಗ ತಲೆ ಬಗ್ಗಿಸದಿದ್ದರೆ ಠಣ್! ಮಗುಚಿದರೆ ದೋಣಿಯ ತಳದಿಂದ ಚಾಚಿದ ಹಲಗೆ ಮೇಲೆ ನಿಂತು ನೀವೇ ಜಗ್ಗಿ ಎತ್ತಬೇಕು. ಹೊಸಬರು ಓಡಿಹೋಗುವುದು ಇಲ್ಲೇ. ಈಜು ಬರುವವರೇ ಕಡಿಮೆ, ಅಲ್ವಾ?

ಪೆಟ್ರೋಲ್ ಖರ್ಚಿಲ್ಲ ನಿಜ. ಆದರೆ ದೋಣಿ ಅರ್ಧ ಗಂಟೆಗೆ ಬಾಡಿಗೆಗೆ ಸಿಗುವುದು ಅಪರೂಪ, ಗಾಳಿ ನಿಂತರೆ ಸುಮ್ನೆ ಕೂರಬೇಕು.

ಭಾನುವಾರ ಮನೆಮಂದಿಯೆಲ್ಲ ಹೊರಟಿದ್ದೀರಾ? ಮೋಟಾರ್ ಬೋಟೇ ಸರಿ. ಮಗುವಿಗೆ ಕಲಿಸಬೇಕಾ? ಮೊದಲು ಈಜು, ಆಮೇಲೆ 2.3 ಮೀಟರ್ ಉದ್ದದ ಆಪ್ಟಿಮಿಸ್ಟ್, 15 ವರ್ಷದೊಳಗಿನವರಿಗೆಂದೇ ಇರುವ ಪುಟ್ಟ ದೋಣಿ. ಗಾಳಿಪಟ ಹಾರಿಸುವ ಆಷಾಢದ ಗಾಳಿಯಲ್ಲಿ ಮಾತ್ರ ಮೊದಲ ಪಾಠ ಬೇಡ.