ಶೀತದ ಮಾತ್ರೆ ಕೊಟ್ಟೆವು, ಅಪ್ಪಯ್ಯನಿಗೆ ಮೂತ್ರವೇ ಕಟ್ಟಿಹೋಯಿತು

ಕಳೆದ ಆಷಾಢದ ಮಳೆಯಲ್ಲಿ ನಮ್ಮ ಮನೆಯಲ್ಲಿ ನಡೆದದ್ದು ಇದು. ನಿಮ್ಮ ಮನೆಯಲ್ಲಿ ಅರವತ್ತು ದಾಟಿದ ಗಂಡಸರಿದ್ದರೆ ದಯವಿಟ್ಟು ಪೂರ್ತಿ ಓದಿ.

ನಮ್ಮದು ತೀರ್ಥಹಳ್ಳಿಯಿಂದ ಒಳಗಿರುವ ತೋಟದ ಮನೆ. ಅಪ್ಪಯ್ಯನಿಗೆ 69 ವರ್ಷ, ತೂಕ 48 ಕಿಲೋ. ಅಡಿಕೆಗೆ ಕೊಳೆ ಬಾರದಿರಲಿ ಅಂತ ಮಳೆ ಬಿಡುವು ಕೊಟ್ಟಾಗಲೆಲ್ಲ ಬೋರ್ಡೋ ದ್ರಾವಣ ಹೊಡೆಸುತ್ತಾ ಎರಡು ದಿನ ತೋಟದಲ್ಲೇ ನಿಂತಿದ್ದರು. ಮೂರನೇ ದಿನ ಮೂಗು ಕಟ್ಟಿತು, ಮೈ ಬಿಸಿಯಾಯಿತು, ಕೆಮ್ಮು ಶುರುವಾಯಿತು. ಅಮ್ಮ ಕಾಳುಮೆಣಸು, ಶುಂಠಿ, ಜೀರಿಗೆ ಕುದಿಸಿ ಕಷಾಯ ಕೊಟ್ಟಳು. ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು.

ಪೇಟೆಗೆ ಹೋಗಿದ್ದ ಪಕ್ಕದ ಮನೆಯ ಹುಡುಗನ ಹತ್ತಿರ ಅಮ್ಮ ಮೆಡಿಕಲ್ ಶಾಪಿನಿಂದ ಶೀತದ ಮಾತ್ರೆ ತರಿಸಿದಳು. ಶೀಟಿನಿಂದ ಎಂಟು ಮಾತ್ರೆ ಕತ್ತರಿಸಿ ಕಾಗದದ ಕವರಿನಲ್ಲಿ ಹಾಕಿ ಕೊಟ್ಟಿದ್ದರು. ಹೆಸರಿದ್ದ ತುದಿ ಅಂಗಡಿಯಲ್ಲೇ ಉಳಿದಿತ್ತು. "ರಾತ್ರಿ ತಗೊಂಡರೆ ಒಳ್ಳೆ ನಿದ್ದೆ ಬರುತ್ತೆ" ಅಂದಿದ್ದರಂತೆ. ಯಾರಿಗೆ, ಎಷ್ಟು ವಯಸ್ಸು, ಬೇರೆ ಏನು ಮಾತ್ರೆ ತಗೊಳ್ತಾರೆ ಅಂತ ಅಂಗಡಿಯವರು ಕೇಳಲಿಲ್ಲ. ನಾವೂ ಹೇಳಿ ಕಳಿಸಿರಲಿಲ್ಲ.

ಮರುದಿನ ನಾನು ಶಿವಮೊಗ್ಗದಿಂದ ಬಂದೆ. ಜ್ವರ ಇನ್ನೂ ಇತ್ತು. ನನ್ನ ಬ್ಯಾಗಿನಲ್ಲಿದ್ದ ಪ್ಯಾರಾಸಿಟಮಾಲ್ 650 ಕೊಟ್ಟೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಒಟ್ಟು ಮೂರು. ಅಮ್ಮ ತನ್ನ ಪಾಡಿಗೆ ಶೀತದ ಮಾತ್ರೆ ಕೊಡುತ್ತಿದ್ದಳು. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ನಿದ್ದೆ ಚೆನ್ನಾಗಿ ಬರಲಿ ಅಂತ ರಾತ್ರಿ ಎರಡು. ಕೆಮ್ಮಿಗೆ ಮನೆಯಲ್ಲಿದ್ದ ಹಳೇ ಸಿರಪ್ ಬೇರೆ. ಒಂದು ಜ್ವರಕ್ಕೆ, ಒಂದು ಶೀತಕ್ಕೆ, ಒಂದು ಕೆಮ್ಮಿಗೆ. ಮೂರೂ ಬೇರೆ ಬೇರೆ ಮದ್ದು ಅಂತಲೇ ನಾವು ತಿಳಿದಿದ್ದೆವು.

ರಾತ್ರಿ ಎರಡು ಗಂಟೆಗೆ ಜಗಲಿಯ ಬಾಗಿಲು ತೆಗೆದ ಸದ್ದಾಯಿತು. ಎದ್ದು ಹೋದೆ. ಅಪ್ಪಯ್ಯ ಕತ್ತಲಲ್ಲಿ ಕಂಬ ಹಿಡಿದು ನಿಂತು "ಗೌರಿಯನ್ನು ಬಿಚ್ಚಿ ಕಟ್ಟಬೇಕು, ಕೊಟ್ಟಿಗೆಗೆ ನೀರು ನುಗ್ತಿದೆ" ಅನ್ನುತ್ತಿದ್ದರು. ಗೌರಿ ಹಸುವನ್ನು ಮಾರಿ ಆರು ವರ್ಷವಾಗಿತ್ತು. ನನ್ನ ಮುಖ ನೋಡಿದರು, ಗುರುತು ಸಿಗಲಿಲ್ಲ. ಆ ನೋಟ ನನ್ನ ಕಣ್ಣಿಂದ ಇನ್ನೂ ಹೋಗಿಲ್ಲ. ಬಾಯಿ ಒಣಗಿ ನಾಲಿಗೆ ಅಂಟುತ್ತಿತ್ತು. ಹೊಟ್ಟೆಯ ಕೆಳಭಾಗ ಮುಟ್ಟಿದರೆ ಚೀರಿದರು. ಅಲ್ಲಿ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಮಧ್ಯಾಹ್ನದಿಂದ ಮೂತ್ರಕ್ಕೇ ಹೋಗಿಲ್ಲ ಅಂತ ಅಮ್ಮನಿಗೆ ಆಗ ನೆನಪಾಯಿತು.

ಶಿವಮೊಗ್ಗ ಅಲ್ಲಿಂದ ಅರವತ್ತು ಕಿಲೋಮೀಟರಿಗೂ ಜಾಸ್ತಿ. ಮಂಡಗದ್ದೆ, ಸಕ್ರೆಬೈಲು, ಗಾಜನೂರು ದಾಟುವವರೆಗೂ ಮಳೆ ನಿಲ್ಲಲಿಲ್ಲ. ಹಿಂದಿನ ಸೀಟಿನಲ್ಲಿ ಅಪ್ಪಯ್ಯನ ನರಳಾಟವೂ ನಿಲ್ಲಲಿಲ್ಲ.

ಆಸ್ಪತ್ರೆಯಲ್ಲಿ ನಳಿಗೆ ಹಾಕಿದರು. ಹತ್ತಿರ ಹತ್ತಿರ ಒಂದು ಲೀಟರ್ ಮೂತ್ರ ಬಂತು. ಡ್ಯೂಟಿಯಲ್ಲಿದ್ದ ಡಾಕ್ಟರ್ ಮೊದಲು ಕೇಳಿದ್ದೇ "ಏನೇನು ಮಾತ್ರೆ ಕೊಟ್ಟಿದ್ದೀರಿ?" ಅಂತ. ಕವರು, ನನ್ನ ಮಾತ್ರೆಯ ಶೀಟು, ಸಿರಪ್ಪಿನ ಬಾಟಲಿ, ಎಲ್ಲ ಮೇಜಿನ ಮೇಲಿಟ್ಟೆ. ಕವರಿನಲ್ಲಿದ್ದದ್ದು ಯಾವ ಮಾತ್ರೆ ಅಂತ ತಿಳಿಯಲು ಬೆಳಿಗ್ಗೆ ಆ ಹುಡುಗ ಅಂಗಡಿಗೇ ಹೋಗಿ ಶೀಟಿನ ಫೋಟೋ ಕಳಿಸಬೇಕಾಯಿತು.

ಆಗ ಗೊತ್ತಾಯಿತು. ಆ ಶೀತದ ಮಾತ್ರೆ ಒಂದು ಮದ್ದಲ್ಲ, ಮೂರು. ಪ್ಯಾರಾಸಿಟಮಾಲ್ 500 ಮಿಲಿಗ್ರಾಂ, ಮೂಗು ಬಿಡಿಸಲು ಫೀನೈಲೆಫ್ರಿನ್, ಸೀನು ಮತ್ತು ಸೋರುವ ಮೂಗಿಗೆ ಕ್ಲೋರ್‌ಫೆನಿರಮೈನ್. ನಿದ್ದೆ ಬರಿಸುವುದು ಈ ಕೊನೆಯದ್ದೇ, ಶೀಟಿನ ಮೇಲೆ Chlorpheniramine ಅಂತ ಇರುತ್ತದೆ. ಅದು ಮೆದುಳಿಗೂ ಹೋಗುತ್ತದೆ, ಮೂತ್ರವನ್ನು ಹೊರಗೆ ತಳ್ಳಲಾಗದ ಹಾಗೆ ಮೂತ್ರಕೋಶವನ್ನೂ ಸಡಿಲ ಮಾಡುತ್ತದೆ. ಪ್ರಾಸ್ಟೇಟ್ (ಗಂಡಸರಲ್ಲಿ ಮೂತ್ರಕೋಶದ ಕೆಳಗಿರುವ ಗ್ರಂಥಿ) ದಪ್ಪಗಾದವರಿಗೆ ಮೂತ್ರ ಕಟ್ಟುವುದು, ವಯಸ್ಸಾದವರಿಗೆ ಹೀಗೆ ಬುದ್ಧಿ ಕಲಸಿದಂತಾಗುವುದು ಅದರಿಂದಲೇ. ಫೀನೈಲೆಫ್ರಿನ್ ಮೂತ್ರದ ದಾರಿಯನ್ನು ಇನ್ನಷ್ಟು ಬಿಗಿ ಮಾಡಬಹುದು, ಬಿ.ಪಿ.ಯನ್ನೂ ಏರಿಸಬಹುದು. ಅಪ್ಪಯ್ಯ ಬಿ.ಪಿ. ಮಾತ್ರೆ ತಗೊಳ್ಳುವವರು. ಇನ್ನು ಕೆಮ್ಮಿನ ಸಿರಪ್ಪಿನ ಲೇಬಲ್ ತಿರುಗಿಸಿ ನೋಡಿದರೆ ಅದರಲ್ಲೂ ಅದೇ ಕ್ಲೋರ್‌ಫೆನಿರಮೈನ್.

ಅಪ್ಪಯ್ಯ ಎರಡು ವರ್ಷದಿಂದ ರಾತ್ರಿ ಮೂತ್ರಕ್ಕೆ ನಾಲ್ಕೈದು ಸಲ ಏಳುತ್ತಿದ್ದರಂತೆ, ಪ್ರಾಸ್ಟೇಟ್ ದಪ್ಪಗಾದಾಗ ಹೀಗಾಗುತ್ತದೆ. ನಾಚಿಕೆಗೆ ಯಾರಿಗೂ ಹೇಳಿರಲಿಲ್ಲ. ನಿಮ್ಮ ಮನೆಯ ಹಿರಿಯರನ್ನು ಒಮ್ಮೆ ಕೂರಿಸಿಕೊಂಡು ಕೇಳಿ. ಮಗಳ ಹತ್ತಿರ ಹೇಳಲು ಮುಜುಗರ ಆದರೆ ಮಗನೋ ಅಳಿಯನೋ ಕೇಳಲಿ.

ಡಾಕ್ಟರಿಗೆ ಇದಕ್ಕಿಂತ ಹೆಚ್ಚು ಚಿಂತೆ ಇದ್ದದ್ದು ಪ್ಯಾರಾಸಿಟಮಾಲ್ ಬಗ್ಗೆ. ಒಂದು ಕಾಗದದಲ್ಲಿ ಲೆಕ್ಕ ಬರೆದು ತೋರಿಸಿದರು. ನಾಲ್ಕು ಶೀತದ ಮಾತ್ರೆಯಿಂದ 2000, ನನ್ನ ಮೂರು ಮಾತ್ರೆಯಿಂದ 1950. ಒಂದೇ ದಿನಕ್ಕೆ 3950 ಮಿಲಿಗ್ರಾಂ. ಆರೋಗ್ಯವಾಗಿರುವ ದೊಡ್ಡವರಿಗೇ 24 ಗಂಟೆಗೆ 4000 ದಾಟಬಾರದು. 48 ಕಿಲೋ ತೂಕದ, ಜ್ವರದಲ್ಲಿ ಸರಿಯಾಗಿ ಊಟ ಮಾಡದ ಮುದುಕರಿಗೆ ಆ ಮಿತಿ ಇನ್ನೂ ಕಮ್ಮಿ ಅಂದರು. ದಿನಾ ಕುಡಿಯುವವರಿಗೂ ಹಾಗೆಯೇ. ಪ್ಯಾರಾಸಿಟಮಾಲ್ ಜಾಸ್ತಿಯಾದರೆ ಹಾಳಾಗುವುದು ಲಿವರ್. ಅದೂ ಸದ್ದಿಲ್ಲದೆ. ಮೊದಲ ದಿನ ಸ್ವಲ್ಪ ವಾಕರಿಕೆ ಬಿಟ್ಟರೆ ಏನೂ ಕಾಣದೇ ಇರಬಹುದು. ಅದಕ್ಕೆ ಬೇರೆ ಮದ್ದಿದೆ, ಆದರೆ ಮೊದಲ 8 ಗಂಟೆಯೊಳಗೆ ಕೊಟ್ಟರೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಹಾಗಾಗಿ ಲೆಕ್ಕ ತಪ್ಪಿದೆ ಅನ್ನಿಸಿದ ಕೂಡಲೇ, "ಆರಾಮಾಗಿದ್ದಾರಲ್ಲ" ಅಂತ ಕಾಯದೆ, ಮಾತ್ರೆಯ ಶೀಟನ್ನು ಕೈಯಲ್ಲಿ ಹಿಡಿದೇ ಆಸ್ಪತ್ರೆಗೆ ಹೋಗಿ. ಅಪ್ಪಯ್ಯನ ರಕ್ತವನ್ನು ಎರಡು ಸಲ ಪರೀಕ್ಷೆ ಮಾಡಿದರು. ಲಿವರಿಗೆ ಏನೂ ಆಗಿರಲಿಲ್ಲ. ಎರಡನೇ ರಿಪೋರ್ಟ್ ಬರುವವರೆಗೆ ನಾನೂ ಅಮ್ಮನೂ ಒಬ್ಬರಿಗೊಬ್ಬರು ಮುಖ ಕೊಟ್ಟು ಮಾತಾಡಲಿಲ್ಲ.

ಇನ್ನೊಂದು ಮಾತು. ನಮ್ಮ ಕಡೆ ಮೈ ಬಿಸಿಯಾಯಿತು ಅಂದರೆ ಬರೀ ಶೀತ ಅಂತ ಸುಮ್ನೆ ಇರುವಂತಿಲ್ಲ. ಮಳೆಗಾಲಕ್ಕೆ ಇಲಿಜ್ವರ, ಡೆಂಗಿ. ಚಳಿಗಾಲ ಮುಗಿಯುತ್ತಾ ಬಂದರೆ ಮಂಗನ ಕಾಯಿಲೆ. ಆ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದೇ ನಮ್ಮ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಶೀತದ ಮಾತ್ರೆ ನುಂಗಿದರೆ ಜ್ವರ ಇಳಿದಂತೆ ಕಾಣುತ್ತದೆ, ಒಳಗಿನ ಕಾಯಿಲೆ ಬೆಳೆಯುತ್ತಲೇ ಇರುತ್ತದೆ. ಕಾಡಿಗೆ ಹೋಗಿ ಉಣುಗು ಕಚ್ಚಿಸಿಕೊಂಡವರು, ಗದ್ದೆಯ ಕೆಸರಲ್ಲಿ ದುಡಿದವರು ಜ್ವರ ಬಂದರೆ ಡಾಕ್ಟರಿಗೇ ತೋರಿಸಿ. ಅಂಥ ಜ್ವರಕ್ಕೆ ಆಸ್ಪಿರಿನ್, ಐಬುಪ್ರೊಫೆನ್ ಕೊಡಲೇಬೇಡಿ, ರಕ್ತಸ್ರಾವ ಜಾಸ್ತಿಯಾಗಬಹುದು.

ಮಕ್ಕಳ ವಿಷಯವನ್ನೂ ಹೇಳಿಬಿಡುತ್ತೇನೆ. ಕ್ಲೋರ್‌ಫೆನಿರಮೈನ್ ಮತ್ತು ಫೀನೈಲೆಫ್ರಿನ್ ಸೇರಿದ ಶೀತದ ಮದ್ದನ್ನು 4 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು ಅಂತ ಲೇಬಲ್ ಮೇಲೆ ಎಚ್ಚರಿಕೆ ಹಾಕಲು ಕೇಂದ್ರದ ಔಷಧ ನಿಯಂತ್ರಕರು 2023ರ ಡಿಸೆಂಬರಿನಲ್ಲೇ ಹೇಳಿದ್ದಾರೆ. ದೊಡ್ಡವರ ಮಾತ್ರೆಯನ್ನು ಅರ್ಧ ಮುರಿದು ಕೊಡುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ರಾತ್ರಿ ಈ ಮಾತ್ರೆ ತಗೊಂಡು ಬೆಳಿಗ್ಗೆ ಆಗುಂಬೆ ಘಾಟಿಯಲ್ಲೋ ಹುಲಿಕಲ್ ಘಾಟಿಯಲ್ಲೋ ಗಾಡಿ ಓಡಿಸುವವರೂ ಯೋಚಿಸಿ. ಅದರ ಮಂಪರು ಮರುದಿನವೂ ಉಳಿದಿರುತ್ತದೆ. ಮಾತ್ರೆಯ ಮೇಲೆ ಹೆಂಡವಂತೂ ಬೇಡವೇ ಬೇಡ.

ಅಪ್ಪಯ್ಯ ಐದನೇ ದಿನ ಮನೆಗೆ ಬಂದರು. ಪ್ರಾಸ್ಟೇಟಿಗೆ ಈಗ ದಿನಾ ಮಾತ್ರೆ ಇದೆ. ಅವತ್ತೇ ಅಮ್ಮನ ಬಿಸ್ಕತ್ತಿನ ಡಬ್ಬ ಬಿಚ್ಚಿ ನೋಡಿದೆ. ಹೆಸರಿಲ್ಲದ ತುಂಡು ಶೀಟುಗಳೇ ಒಂಬತ್ತು ಇದ್ದವು. ಎಲ್ಲ ತೆಗೆದೆ. ಈಗ ಅಂಗಡಿಯಲ್ಲಿ ನಾಲ್ಕೇ ಮಾತ್ರೆ ತಗೊಂಡರೂ ಶೀಟಿನ ಹಿಂಭಾಗದ ಫೋಟೋ ತೆಗೆದುಕೊಂಡು, ಕವರಿನ ಮೇಲೆ ಹೆಸರು ಬರೆಸಿಕೊಂಡೇ ಬರುತ್ತೇವೆ.

ಮೊನ್ನೆ ಅಪ್ಪಯ್ಯನಿಗೆ ಮತ್ತೆ ಮೂಗು ಸೋರುತ್ತಿತ್ತು. ಯಾರೋ ನೆಂಟರು ಮಾತ್ರೆ ಕೊಟ್ಟು ಹೋಗಿದ್ದರು. ಅಮ್ಮ ಕನ್ನಡಕ ಹಾಕಿಕೊಂಡು ಫೋನಿನಲ್ಲಿ ಒಂದೊಂದೇ ಅಕ್ಷರ ಓದಿದಳು. "ಸಿ... ಎಚ್... ಎಲ್..."

"ಸಾಕಮ್ಮಾ, ಅದು ಬೇಡ," ಅಂದೆ. "ಕಷಾಯ ಇಡು."