ಸೋಲಾರ್ ಗ್ರೌಂಡ್ ಫಾಲ್ಟ್ ಬ್ರೇಕರ್: ಕೆಲವು ವರ್ಷ ಬಳಸಿದ ಮೇಲೆ

ಪ್ಯಾನೆಲ್‌ನಿಂದ ಬ್ಯಾಟರಿಗೆ ಹೋಗುವ ಚಾರ್ಜ್ ಹದದಲ್ಲಿಡುವ ಚಾರ್ಜ್ ಕಂಟ್ರೋಲರ್ ಆರಿಸುವಾಗ ಎಲ್ಲರೂ ಹತ್ತು ಸಲ ಯೋಚಿಸುತ್ತಾರೆ. ಪಕ್ಕದಲ್ಲಿ ಕೂರುವ ಗ್ರೌಂಡ್ ಫಾಲ್ಟ್ ಬ್ರೇಕರ್, ಅಂದರೆ ಕರೆಂಟ್ ದಾರಿ ತಪ್ಪಿ ಅರ್ಥಿಂಗ್‌ಗೆ ಸೋರಿದರೆ ಸಂಪರ್ಕ ಕಡಿಯುವ ಸ್ವಿಚ್, ಅದರ ಬಗ್ಗೆ ಕೇಳುವವರು ಕಡಿಮೆ.

ನನ್ನ ಹತ್ತಿರ ಇರುವುದು ಎರಡು ಬ್ರೇಕರ್‌ಗಳನ್ನು ಒಂದಕ್ಕೊಂದು ಜೋಡಿಸಿದ ಮಾದರಿ. 80 ಆಂಪಿಯರ್‌ನ ದೊಡ್ಡದು ಪ್ಯಾನೆಲ್‌ನಿಂದ ಬರುವ ಪಾಸಿಟಿವ್ ವೈರ್‌ನಲ್ಲಿದೆ. ಬರೀ 0.5 ಆಂಪಿಯರ್‌ನ ಚಿಕ್ಕದು ಬ್ಯಾಟರಿ ನೆಗೆಟಿವ್‌ಗೂ ಅರ್ಥಿಂಗ್‌ಗೂ ನಡುವೆ ಇದೆ. ಪಾಸಿಟಿವ್ ವೈರ್ ಎಲ್ಲಾದರೂ ಅರ್ಥಿಂಗ್‌ಗೆ ಸೇರಿದ ಪ್ಯಾನೆಲ್ ಫ್ರೇಮ್‌ಗೆ ತಾಗಿದರೆ, ಕರೆಂಟ್ ವಾಪಸ್ ಬರುವುದು ಈ ಚಿಕ್ಕ ಬ್ರೇಕರ್ ಮೂಲಕವೇ. ಅದು ಬಿದ್ದರೆ (ಟ್ರಿಪ್ ಆದರೆ) ದೊಡ್ಡದನ್ನೂ ಜೊತೆಗೆ ಬೀಳಿಸುತ್ತದೆ.

ಫ್ಯೂಸ್ ಇದ್ದರೆ ಸಾಲದಾ ಅಂತ ಕೇಳಬಹುದು. ಸಾಲದು. ಪ್ಯಾನೆಲ್ ಪೂರ್ತಿ ಶಾರ್ಟ್ ಆದರೂ ಕರೆಂಟ್ ಮಾಮೂಲಿಗಿಂತ ಸ್ವಲ್ಪವೇ ಜಾಸ್ತಿ ಬರುತ್ತದೆ. ಫ್ಯೂಸ್‌ಗೆ ಅದು ಗೊತ್ತೇ ಆಗುವುದಿಲ್ಲ. ಬಿಸಿಲು ಇರುವವರೆಗೂ ಅಲ್ಲಿ ಕಿಡಿ ಹಾರುತ್ತಲೇ ಇರಬಹುದು.

ಮೊದಲು ಬಹಳ ಕಾಲ ಇದು ಸುಮ್ನೆ ಇತ್ತು. ಆಮೇಲೆ ಮಳೆ ಬಂದ ಮರುದಿನ ಬೆಳಿಗ್ಗೆ ಬೀಳಲು ಶುರುವಾಯಿತು. ಮಧ್ಯಾಹ್ನ ಎತ್ತಿದರೆ ನಿಲ್ಲುತ್ತಿತ್ತು. ಬ್ರೇಕರ್ರೇ ಕೆಟ್ಟಿದೆ, ಬದಲಾಯಿಸಿ ಅಂದರು ಮಾರಿದವರು. ಒದ್ದೆ ಇದ್ದಾಗಲೇ ಒಂದೊಂದೇ ಸ್ಟ್ರಿಂಗ್ (ಸಾಲಾಗಿ ಜೋಡಿಸಿದ ಪ್ಯಾನೆಲ್‌ಗಳ ಗುಂಪು) ಬಿಚ್ಚಿ ಮೀಟರ್ ಹಿಡಿದಾಗ ಸಿಕ್ಕಿದ್ದು ಬೇರೆ: ಫ್ರೇಮ್‌ನ ಚೂಪು ಅಂಚಿಗೆ ಉಜ್ಜಿ ಸಿಪ್ಪೆ ಹೋದ ವೈರ್. ಒಣಗಿದ್ದಾಗ ಲೀಕ್ ಇಲ್ಲ, ನೀರು ನಿಂತರೆ ಉಂಟು. ವೈರ್ ಬದಲಿಸಿದ ಮೇಲೆ ಮತ್ತೆ ಬಿದ್ದಿಲ್ಲ. ಈ ಒಂದು ಕೆಲಸಕ್ಕೇ ನನ್ನ ಪೂರ್ತಿ ಅಂಕ. ಆದರೆ ತಪ್ಪು ಎಲ್ಲಿದೆ ಅಂತ ಇದು ಹೇಳುವುದಿಲ್ಲ, ನಾವೇ ಹುಡುಕಬೇಕು.

ಶಾಕ್‌ನಿಂದ ಕಾಪಾಡುತ್ತದೆ ಅಂದುಕೊಳ್ಳಬೇಡಿ. ಶಾಕ್ ತಡೆಯಲು ಮನೆಯಲ್ಲಿ ಹಾಕುವ ಬ್ರೇಕರ್ 30 ಮಿಲಿಆಂಪಿಯರ್‌ಗೆ ಬೀಳುತ್ತದೆ, ಇದು 500ಕ್ಕೆ. ಇದು ಬೆಂಕಿ ತಡೆಯಲು ಮಾತ್ರ. ಅದರಲ್ಲೂ ನೆಗೆಟಿವ್ ವೈರ್ ಫ್ರೇಮ್‌ಗೆ ತಾಗಿದರೆ ಹರಿಯುವ ಕರೆಂಟ್ ತೀರಾ ಕಡಿಮೆ, ಬ್ರೇಕರ್‌ಗೆ ಗೊತ್ತೇ ಆಗದೆ ಹೋಗಬಹುದು. 2009ರಲ್ಲಿ ಕ್ಯಾಲಿಫೋರ್ನಿಯಾದ ಬೇಕರ್ಸ್‌ಫೀಲ್ಡ್‌ನಲ್ಲಿ ಒಂದು ದೊಡ್ಡ ಅಂಗಡಿಯ ಛಾವಣಿ ಮೇಲಿನ ಸೋಲಾರ್‌ಗೆ ಬೆಂಕಿ ಬಿದ್ದಾಗ ಈ ಕುರುಡು ಜಾಗವೇ ಚರ್ಚೆಗೆ ಬಂತು. ಹಾಗಾಗಿ ಆಗಾಗ ವೈರ್‌ಗಳ ಇನ್ಸುಲೇಶನ್ ನೋಡಿಸುವುದು ತಪ್ಪುವುದಿಲ್ಲ.

ಇನ್ನೊಂದು ಮಾತು ಕೈಪಿಡಿಯಲ್ಲಿ ದಪ್ಪಕ್ಷರದಲ್ಲಿ ಇರಬೇಕಿತ್ತು, ಇಲ್ಲ. ಬ್ರೇಕರ್ ಬಿದ್ದಾಗ ನೆಗೆಟಿವ್‌ಗೆ ಅರ್ಥಿಂಗ್ ಇರುವುದಿಲ್ಲ. ಪಾಸಿಟಿವ್ ಫ್ರೇಮ್‌ಗೆ ತಾಗಿದ್ದರೆ, ಬ್ಯಾಟರಿ ನೆಗೆಟಿವ್‌ಗೂ ನೆಲಕ್ಕೂ ನಡುವೆ ಪ್ಯಾನೆಲ್‌ನ ಪೂರ್ತಿ ವೋಲ್ಟೇಜ್ ಬರಬಹುದು. ನೆಗೆಟಿವ್ ತಾನೇ ಅಂತ ಬರಿಗೈಯಲ್ಲಿ ಮುಟ್ಟುವ ಅಭ್ಯಾಸ ಬಿಡಿ.

ಕೊಳ್ಳುವ ಮುಂಚೆ ವೈರಿಂಗ್ ನೋಡಿ. ನೆಗೆಟಿವ್-ಅರ್ಥಿಂಗ್ ಜೋಡಣೆ ಇಡೀ ವ್ಯವಸ್ಥೆಯಲ್ಲಿ ಒಂದೇ ಕಡೆ ಇರಬೇಕು, ಅದೂ ಈ ಚಿಕ್ಕ ಬ್ರೇಕರ್ ಮೂಲಕ. ಕೆಲವು ಇನ್ವರ್ಟರ್‌ಗಳಲ್ಲಿ ನೆಗೆಟಿವ್ ಒಳಗೇ ಲೋಹದ ಹೊರಕವಚಕ್ಕೆ ಸೇರಿರುತ್ತದೆ. ಆಗ ಕರೆಂಟ್ ಆ ದಾರಿ ಹಿಡಿಯುತ್ತದೆ, ಬ್ರೇಕರ್ ಗೋಡೆಗೆ ಅಲಂಕಾರ ಅಷ್ಟೇ. ಕಂಟ್ರೋಲರ್‌ನಲ್ಲೇ ಈ ಸೌಲಭ್ಯ ಇದ್ದರೂ ಎರಡನೆಯದು ಬೇಡ. ಪಾಸಿಟಿವ್ ಕಾಮನ್ ಆಗಿರುವ (ಪ್ಯಾನೆಲ್, ಬ್ಯಾಟರಿ ಎರಡರ ಪಾಸಿಟಿವ್ ಒಳಗೇ ಸೇರಿರುವ) ಅಗ್ಗದ ಪಿಡಬ್ಲ್ಯುಎಂ, ಅಂದರೆ ಸ್ವಿಚ್ ಬೇಗಬೇಗ ಹಾಕಿ ತೆಗೆದು ಚಾರ್ಜ್ ಹದ ಮಾಡುವ ಕಂಟ್ರೋಲರ್ ಇರುವವರಂತೂ ಇದನ್ನು ಕೊಳ್ಳಲೇಬೇಡಿ. ಅವುಗಳ ಸ್ವಿಚ್ ನೆಗೆಟಿವ್ ಕಡೆ ಇರುತ್ತದೆ. ಪ್ಯಾನೆಲ್ ನೆಗೆಟಿವ್, ಬ್ಯಾಟರಿ ನೆಗೆಟಿವ್ ಎರಡೂ ಅರ್ಥಿಂಗ್‌ನಲ್ಲಿ ಸೇರಿದರೆ ಆ ಸ್ವಿಚ್‌ಗೆ ಕೆಲಸವೇ ಇರುವುದಿಲ್ಲ, ಬ್ಯಾಟರಿ ಮಿತಿ ಮೀರಿ ಚಾರ್ಜ್ ಆಗುತ್ತದೆ.